ನಮ್ಮ ಅಳತೆಯದಲ್ಲದ ಸೈಕಲ್‌ಗಳು: ಬೆಳೆಯುವ ವಯಸ್ಸಿನಲ್ಲಿ ತುಳಿದ ಸೈಕಲ್‌ಗಳ ನೆನಪು (ಹಲವರು ಬರೆದ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಒಳಪೆಡಲು:

ಬಾಲ್ಯದ ಸೈಕಲ್ ಬಗ್ಗೆ ಮಾತು ತೆಗೆದರೆ ಹೆಚ್ಚಿನವರು ಸ್ವಾತಂತ್ರ್ಯ, ಗಾಳಿ, ಇಳಿಜಾರು ಎಂದು ಹೇಳಿ ಮುಗಿಸುತ್ತಾರೆ. ಆ ಮಾತುಗಳಲ್ಲಿ ಸುಳ್ಳೇನಿಲ್ಲ, ಆದರೆ ಅವುಗಳಲ್ಲಿ ಸೈಕಲ್ಲೇ ಕಾಣಿಸುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುವವರು ತಾವು ತುಳಿದ ಸೈಕಲ್ ಹೇಗಿತ್ತು, ಅದರ ಚಕ್ರ ಎಷ್ಟು ದೊಡ್ಡದು, ಬ್ರೇಕ್ ಯಾವ ಬಗೆಯದು, ಅದು ಯಾರ ಕೈಯಿಂದ ತಮ್ಮ ಕೈಗೆ ಬಂತು ಎಂಬುದನ್ನು ಬರೆಯಬೇಕೆಂದು ಕೋರುತ್ತೇನೆ. ನಮ್ಮಲ್ಲಿ ಬಹಳ ಮಂದಿ ಕಲಿತದ್ದು ನಮ್ಮ ಅಳತೆಗೆಂದು ಮಾಡಿದ ಸೈಕಲ್ಲಿನ ಮೇಲಲ್ಲ. ದೊಡ್ಡವರ ಸೈಕಲ್ಲಿಗೆ ನಮ್ಮ ಮೈಯನ್ನೇ ಹೊಂದಿಸಿಕೊಂಡೆವು. ಹಾಗೆ ಹೊಂದಿಸಿಕೊಂಡ ರೀತಿಯೇ ನಮ್ಮ ನೆನಪಿಗೆ ಆಕಾರ ಕೊಟ್ಟಿದೆ ಎಂಬುದು ನನ್ನ ನಂಬಿಕೆ.

ನಾನು ಮೊದಲು ತುಳಿದದ್ದು ಅಪ್ಪನ 28 ಇಂಚಿನ ಕಪ್ಪು ಸೈಕಲ್. ಅದರ ಬಾರ್ ನನ್ನ ಎದೆಯ ಮಟ್ಟಕ್ಕೆ ಬರುತ್ತಿತ್ತು, ಆದ್ದರಿಂದ ಸೀಟಿನ ಮೇಲೆ ಕೂರುವ ಪ್ರಶ್ನೆಯೇ ಇರಲಿಲ್ಲ. ಎಡಗಡೆ ನಿಂತು, ಚೌಕಟ್ಟಿನ ತ್ರಿಕೋನದೊಳಗಿಂದ ಬಲಗಾಲನ್ನು ತೂರಿಸಿ ಬಲ ಪೆಡಲನ್ನು ತುಳಿಯುವ ಒಳಪೆಡಲಿನ ವಿದ್ಯೆ ಅದಕ್ಕಾಗಿಯೇ ಹುಟ್ಟಿದ್ದು. ಮೈಯೆಲ್ಲ ಸೈಕಲ್ಲಿನ ಎಡಕ್ಕಿರುವುದರಿಂದ ಸಮತೋಲಕ್ಕಾಗಿ ಸೈಕಲ್ಲನ್ನು ಬಲಕ್ಕೆ ಓರೆಯಾಗಿ ಹಿಡಿಯಬೇಕು. ಎಡಗೈ ಹ್ಯಾಂಡಲ್ಲಿನ ಮೇಲೆ, ಬಲಗೈ ಬಾರಿನ ಮೇಲೆ. ಪೂರ್ತಿ ಸುತ್ತು ತುಳಿಯಲು ಕಾಲು ಎಟುಕುತ್ತಿರಲಿಲ್ಲ. ಪೆಡಲನ್ನು ಅರ್ಧ ತುಳಿದು, ಹಿಂದಕ್ಕೆ ತಂದು, ಮತ್ತೆ ಅರ್ಧ ತುಳಿಯಬೇಕಿತ್ತು.

ಆ ಅರ್ಧ ತುಳಿತ ಸಾಧ್ಯವಾಗುತ್ತಿದ್ದದ್ದು ಹಿಂಚಕ್ರದ ಫ್ರೀವೀಲ್‌ನಿಂದ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಅದರೊಳಗೆ ಸ್ಪ್ರಿಂಗಿನ ಒತ್ತಡದಲ್ಲಿರುವ ಸಣ್ಣ ನಾಲಗೆಗಳಿರುತ್ತವೆ. ಮುಂದಕ್ಕೆ ತುಳಿದಾಗ ಅವು ಹಲ್ಲುಗಳಿಗೆ ಕಚ್ಚಿಕೊಂಡು ಚಕ್ರವನ್ನು ತಿರುಗಿಸುತ್ತವೆ, ಹಿಂದಕ್ಕೆ ತಂದಾಗ ಹಲ್ಲುಗಳ ಮೇಲೆ ಜಾರಿ ಕಟಕಟ ಸದ್ದು ಮಾಡುತ್ತವೆ. ನನ್ನ ಬಾಲ್ಯದ ಸದ್ದುಗಳಲ್ಲಿ ಇವತ್ತಿಗೂ ಸ್ಪಷ್ಟವಾಗಿ ಉಳಿದಿರುವುದು ಅದೊಂದೇ.

ಲೆಕ್ಕವೂ ನಮಗೆ ಅನುಕೂಲವಾಗಿರಲಿಲ್ಲ. ಅಂಥ ಸೈಕಲ್ಲಿನ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಉರುಳುತ್ತದೆ. ಮುಂದಿನ ಹಲ್ಲುಚಕ್ರದಲ್ಲಿ 48, ಹಿಂದಿನದರಲ್ಲಿ 20 ಹಲ್ಲುಗಳಿದ್ದರೆ ಪೆಡಲಿನ ಒಂದು ಪೂರ್ಣ ಸುತ್ತಿಗೆ ಸೈಕಲ್ ಐದು ಮೀಟರ್‌ಗಿಂತ ಹೆಚ್ಚು ಮುಂದೆ ಹೋಗಬೇಕು. ದೊಡ್ಡವರ ಕಾಲಿನ ಬಲಕ್ಕೆಂದು ಮಾಡಿದ ಆ ಲೆಕ್ಕವನ್ನು ಮಗುವೊಂದು ಒಂದು ಬದಿಯಿಂದ ನೇತಾಡುತ್ತ ಅರ್ಧರ್ಧ ತುಳಿತಗಳಲ್ಲಿ ಪೂರೈಸುತ್ತಿತ್ತು ಎಂದು ಯೋಚಿಸಿದಾಗ ಆ ವಯಸ್ಸಿನ ಹಟದ ಬಗ್ಗೆ ಗೌರವ ಮೂಡುತ್ತದೆ.

ಹಿಂಬ್ರೇಕ್:

ತಮ್ಮ ಬರಹ ಓದಿದ ಮೇಲೆ ನನಗೊಂದು ವಿಷಯ ಹೊಳೆಯಿತು. ನಾನು ಕಲಿತ ಸೈಕಲ್ಲಿನಲ್ಲಿ ಒಳಪೆಡಲು ಅಸಾಧ್ಯವಾಗಿತ್ತು, ಏಕೆಂದರೆ ಅದರ ಬ್ರೇಕ್ ಹಿಂಚಕ್ರದ ಹಬ್ಬಿನೊಳಗೆ (ಕಡ್ಡಿಗಳು ಸೇರುವ ನಡುಗುಂಬದೊಳಗೆ) ಇತ್ತು; ಪೆಡಲನ್ನು ಹಿಂದಕ್ಕೆ ಒತ್ತಿದರೆ ಸೈಕಲ್ ನಿಲ್ಲುತ್ತಿತ್ತು. ಅರ್ಧ ತುಳಿದು ಹಿಂದಕ್ಕೆ ತರಲು ಹೋದರೆ ಪ್ರತಿ ಸಲವೂ ಬ್ರೇಕ್ ಹಾಕಿದಂತಾಗುತ್ತಿತ್ತು. ಹೀಗಾಗಿ ತಮ್ಮ ನೆನಪು ನನಗೆ ಇಲ್ಲ, ನನ್ನದು ತಮಗೆ ಇಲ್ಲ. ವಯಸ್ಸು ಒಂದೇ ಆಗಿದ್ದರೂ ಹಬ್ಬಿನೊಳಗಿನ ಕೆಲವು ಲೋಹದ ತುಂಡುಗಳು ನಮ್ಮಿಬ್ಬರ ಬಾಲ್ಯವನ್ನು ಬೇರೆ ಮಾಡಿವೆ.

ಈ ಬಗೆಯ ಬ್ರೇಕಿನ ಇತಿಹಾಸ ಹಳೆಯದು. ಜರ್ಮನಿಯ ಫಿಕ್ಟೆಲ್ ಉಂಡ್ ಸಾಕ್ಸ್ ಕಂಪನಿಯ ಟಾರ್ಪೀಡೊ ಹಬ್ 1903ರಲ್ಲಿ ಬಂದು ಹಲವು ದೇಶಗಳಿಗೆ ಹರಡಿತು. ಕೈಯ ಹಿಡಿತ ಇನ್ನೂ ಬಲಿಯದ ಮಕ್ಕಳಿಗೆ ಇದು ಬಹಳ ಒಳ್ಳೆಯ ವ್ಯವಸ್ಥೆ ಎಂದು ನಾನು ಇಂದಿಗೂ ವಾದಿಸುತ್ತೇನೆ. ಚಿಕ್ಕ ಬೆರಳುಗಳಿಗೆ ಎಟುಕದ ಬ್ರೇಕ್ ಸನ್ನೆಯ, ಅಂದರೆ ಲಿವರಿನ, ತೊಂದರೆ ಇಲ್ಲ, ಮಳೆನೀರು ಒಳಗೆ ಹೋಗುವುದಿಲ್ಲ, ಕಡಿದುಹೋಗುವ ಕೇಬಲ್ ಇಲ್ಲ. ಮೈಯ ಭಾರವನ್ನೆಲ್ಲ ಕಾಲಿನ ಮೂಲಕ ಬ್ರೇಕಿಗೆ ಕೊಡಬಹುದು.

ಅದರಲ್ಲಿ ಕಷ್ಟವಾಗುತ್ತಿದ್ದದ್ದು ಹೊರಡುವಾಗ. ಫ್ರೀವೀಲ್ ಇರುವ ಸೈಕಲ್ಲಿನಲ್ಲಿ ನಿಂತಲ್ಲೇ ಪೆಡಲನ್ನು ಹಿಂದಕ್ಕೆ ತಿರುಗಿಸಿ ತುಳಿಯಲು ಅನುಕೂಲವಾದ ಜಾಗಕ್ಕೆ ತಂದುಕೊಳ್ಳಬಹುದು. ನಮ್ಮದರಲ್ಲಿ ಅದು ಆಗದು. ಹಿಂಚಕ್ರವನ್ನು ಸ್ವಲ್ಪ ಎತ್ತಿ ಪೆಡಲನ್ನು ಮುಂದಕ್ಕೆ ತಿರುಗಿಸಬೇಕು, ಇಲ್ಲವೇ ನಿಲ್ಲುವಾಗಲೇ ಒಂದು ಪೆಡಲು ಮೇಲ್ಮುಂದೆ ಇರುವಂತೆ ಲೆಕ್ಕ ಹಾಕಿ ನಿಲ್ಲಿಸಬೇಕು. ಈ ಎರಡನೆಯ ಅಭ್ಯಾಸ ನನಗೆ ಎಷ್ಟು ಅಂಟಿಕೊಂಡಿದೆ ಎಂದರೆ, ಕೈಬ್ರೇಕಿನ ಸೈಕಲ್ ತುಳಿಯುವ ಈಗಲೂ ನಿಲ್ಲುವ ಮೊದಲು ನನ್ನ ಬಲಗಾಲು ತಾನಾಗಿಯೇ ಆ ಜಾಗಕ್ಕೆ ಬಂದಿರುತ್ತದೆ.

ಇಪ್ಪತ್ತಿಂಚು:

ಮೂಲ ಬರಹದ ಒಂದು ಮಾತಿಗೆ ನನ್ನ ವಿನಮ್ರ ತಕರಾರಿದೆ. ಎಲ್ಲರೂ ದೊಡ್ಡವರ ಸೈಕಲ್ಲಿಗೆ ಹೊಂದಿಕೊಂಡವರಲ್ಲ. ಮಕ್ಕಳ ಆಸೆಯನ್ನು ನೋಡಿ ರೂಪಿಸಿದ ಸೈಕಲ್‌ಗಳೂ ಬಂದವು, ಅವುಗಳ ಮೇಲೆ ಬೆಳೆದ ಪೀಳಿಗೆಗಳೂ ಇವೆ.

1963ರಲ್ಲಿ ಅಮೆರಿಕದ ಶ್ವಿನ್ ಕಂಪನಿ ಸ್ಟಿಂಗ್‌ರೇ ಎಂಬ ಸೈಕಲ್ಲನ್ನು ತಂದಿತು: 20 ಇಂಚಿನ ಚಕ್ರಗಳು, ಎತ್ತರದ ಹ್ಯಾಂಡಲ್, ಉದ್ದನೆಯ ಬಾಳೆಹಣ್ಣಿನಾಕಾರದ ಸೀಟು. ಮಕ್ಕಳು ತಮ್ಮ ಸೈಕಲ್‌ಗಳನ್ನು ತಾವೇ ಬಿಚ್ಚಿ ಜೋಡಿಸಿ ಮೋಟಾರ್‌ಸೈಕಲ್ಲಿನಂತೆ ಮಾಡಿಕೊಳ್ಳುತ್ತಿದ್ದುದನ್ನು ಗಮನಿಸಿ ಮಾಡಿದ ವಿನ್ಯಾಸವದು. ಬ್ರಿಟನ್ನಿನ ರಾಲೆ ಕಂಪನಿಯ ಚಾಪರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹಿಂದೆ 20 ಇಂಚು, ಮುಂದೆ 16 ಇಂಚಿನ ಚಕ್ರ ಇಟ್ಟು, ಗೇರಿನ ಸನ್ನೆಯನ್ನು ಚೌಕಟ್ಟಿನ ಮೇಲೆಯೇ ಕೂರಿಸಿತು. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಮಣ್ಣಿನ ಹಾದಿಗಳಲ್ಲಿ ಮೋಟೊಕ್ರಾಸ್ ಮೋಟಾರ್‌ಸೈಕಲ್ ಸವಾರರನ್ನು ಅನುಕರಿಸುತ್ತ ಇಂಥ ಸೈಕಲ್‌ಗಳನ್ನು ಓಡಿಸಿದ್ದರಿಂದ ಬಿಎಂಎಕ್ಸ್ ಎಂಬ ಸೈಕಲ್ ಓಟ ಹುಟ್ಟಿತು, ಮತ್ತು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅದು ಪದಕದ ಕ್ರೀಡೆಯಾಯಿತು. ಮಕ್ಕಳ ಆಟವೊಂದು ದೊಡ್ಡವರ ಅಪ್ಪಣೆಗೆ ಕಾಯದೆ ಅಷ್ಟು ದೂರ ಹೋದದ್ದು ಸಣ್ಣ ಸಂಗತಿಯೇನಲ್ಲ.

ನನ್ನದು ಈ ಕುಲದ ಒಂದು ಸಾಮಾನ್ಯ ಸೈಕಲ್, ಕೆಂಪು ಬಣ್ಣದ್ದು. ಸಣ್ಣ ಚಕ್ರದ ಗುಣವೇ ಬೇರೆ. ಕಡ್ಡಿಗಳು ಗಿಡ್ಡವಾಗಿರುವುದರಿಂದ ಚಕ್ರ ಗಟ್ಟಿಯಾಗಿರುತ್ತದೆ, ನೆಗೆತವನ್ನು ತಾಳಿಕೊಳ್ಳುತ್ತದೆ. ನಿಂತಲ್ಲಿಂದ ಬೇಗ ವೇಗ ಹಿಡಿಯುತ್ತದೆ. ಹ್ಯಾಂಡಲ್ ಮುಟ್ಟಿದರೆ ತಿರುಗುತ್ತದೆ. ಪೆಡಲಿನ ಒಂದು ಸುತ್ತಿಗೆ ಮೂರೂವರೆ ಮೀಟರ್ ಆಸುಪಾಸಿನಷ್ಟೇ ಸಾಗುವುದರಿಂದ ದೂರದ ಪ್ರಯಾಣದಲ್ಲಿ ಕಾಲು ಸೋಲುತ್ತದೆ, ನಿಜ. ಆದರೆ ನಮಗೆ ದೂರ ಬೇಕಿರಲಿಲ್ಲ. ಮಣ್ಣಿನ ದಿಣ್ಣೆಯೊಂದು, ಅದರಾಚೆ ಸ್ವಲ್ಪ ಸಮತಟ್ಟು ಜಾಗ ಇದ್ದರೆ ಸಂಜೆ ಸಾಲುತ್ತಿರಲಿಲ್ಲ.

ಅಳತೆಗೆ ಸರಿಯಾದ ಸೈಕಲ್ಲಿಗೂ ಒಂದು ದುಃಖವಿದೆ. ದೊಡ್ಡ ಸೈಕಲ್ ತುಳಿದವರು ವರ್ಷದಿಂದ ವರ್ಷಕ್ಕೆ ಅದಕ್ಕೆ ಹತ್ತಿರವಾಗುತ್ತ ಹೋದರು. ನಾವು ವರ್ಷದಿಂದ ವರ್ಷಕ್ಕೆ ನಮ್ಮದರಿಂದ ದೂರವಾದೆವು. ಸೀಟಿನ ಕಂಬವನ್ನು ಇನ್ನು ಮೇಲೆತ್ತಲು ಬಾರದ ಗುರುತಿನವರೆಗೆ ಎತ್ತಿಯಾದ ಮೇಲೂ ಮೊಣಕಾಲು ಹ್ಯಾಂಡಲ್ಲಿಗೆ ತಾಗತೊಡಗಿದಾಗ ಅದನ್ನು ಬೇರೆ ಮಗುವಿಗೆ ಕೊಡದೆ ವಿಧಿಯಿರಲಿಲ್ಲ.

ಅಕ್ಕನ ಸೈಕಲ್:

ನನಗೆ ಬಂದದ್ದು ಮೇಲಿನ ಬಾರ್ ಇಲ್ಲದ, ನಡುವೆ ತಗ್ಗಿರುವ ಲೇಡೀಸ್ ಸೈಕಲ್. ಅದು ಅಕ್ಕನಿಗೆ ಬರುವ ಮೊದಲು ಚಿಕ್ಕಮ್ಮನದಾಗಿತ್ತು. ಅದರ ಮೇಲೆ ಬಣ್ಣದ ಮೇಲೆ ಬಣ್ಣ ಬಳಿದಿದ್ದರು. ಪೆಟ್ಟು ಬಿದ್ದಲ್ಲಿ ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಕಪ್ಪು ಕಾಣಿಸುತ್ತಿತ್ತು.

ಬಾರ್ ಇಲ್ಲದ ಚೌಕಟ್ಟನ್ನು ಉದ್ದ ಉಡುಪು ಧರಿಸುವ ಹೆಂಗಸರು ಸುಲಭವಾಗಿ ಹತ್ತಿಳಿಯಲೆಂದು ಮಾಡಿದರು. ಹಿಂಚಕ್ರಕ್ಕೆ ಬಟ್ಟೆ ಸಿಕ್ಕಿಕೊಳ್ಳದಂತೆ ಅದರ ಎರಡೂ ಬದಿಗೆ ಬಲೆ, ಚೈನಿಗೆ ಪೂರ್ತಿ ಮುಚ್ಚಿದ ಕವರ್. ಆದರೆ ಚಿಕ್ಕ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ದೊಡ್ಡ ಸೈಕಲ್ ಇಲ್ಲ. ಸೀಟು ಎಟುಕದಿದ್ದರೂ ಸೀಟಿನ ಮುಂದೆ ನೇರ ನಿಂತು ಎರಡೂ ಪೆಡಲುಗಳನ್ನು ಪೂರ್ತಿ ಸುತ್ತು ತುಳಿಯಬಹುದು, ಬೀಳುವಂತಾದರೆ ಹಾಗೆಯೇ ನೆಲಕ್ಕೆ ಕಾಲೂರಬಹುದು. ನನ್ನ ತಮ್ಮ ಅಪ್ಪನ ಸೈಕಲ್ಲಿನಲ್ಲಿ ಒಳಪೆಡಲು ಕಲಿಯಲು ಒದ್ದಾಡುತ್ತಿದ್ದಾಗ ನಾನು ಅವನಿಗಿಂತ ಮೊದಲೇ ರಸ್ತೆಗಿಳಿದಿದ್ದೆ. ಇದನ್ನು ಹುಡುಗಿಯರ ಸೈಕಲ್ ಎಂದು ಬದಿಗೆ ತಳ್ಳಿದ ಹುಡುಗರು ಕಲಿಯುವ ಸುಲಭದ ದಾರಿಯೊಂದನ್ನು ಕಳೆದುಕೊಂಡರು ಎಂದೇ ಹೇಳಬೇಕು.

ಆ ಸೈಕಲ್ಲಿಗೆ ಡೈನಮೋ ಇತ್ತು. ಸನ್ನೆಯನ್ನು ಒತ್ತಿದರೆ ಅದರ ತಲೆ ಟಯರಿನ ಮೈಗೆ ಒರಗಿ ತಿರುಗುತ್ತಿತ್ತು. ಅಂಥ ಡೈನಮೋಗಳು ಸಾಮಾನ್ಯವಾಗಿ 6 ವೋಲ್ಟ್, 3 ವ್ಯಾಟ್‌ನವು. ಅಷ್ಟು ಸಣ್ಣ ಬೆಳಕಿಗಾಗಿ ಕಾಲಿಗೆ ತಗಲುತ್ತಿದ್ದ ಭಾರ ದೊಡ್ಡದೇ, ಏಕೆಂದರೆ ರಬ್ಬರಿನ ಮೇಲಿನ ಉಜ್ಜಾಟದಲ್ಲಿಯೂ ಸಾಕಷ್ಟು ಬಲ ಹೋಗುತ್ತಿತ್ತು. ವೇಗ ಹೆಚ್ಚಿದರೆ ಬೆಳಕು ಬಿಳಿಯಾಗುತ್ತದೆ, ಏರಿನಲ್ಲಿ ಕೆಂಪಾಗುತ್ತದೆ, ನಿಂತರೆ ಆರಿಹೋಗುತ್ತದೆ. ದಾರಿ ಕಾಣಬೇಕಿದ್ದರೆ ತುಳಿಯುತ್ತಲೇ ಇರಬೇಕು ಎಂಬ ಆ ನಿಯಮವನ್ನು ನಾನು ಬಹಳ ಪ್ರೀತಿಸುತ್ತಿದ್ದೆ. ನನ್ನ ಕಾಲಿನಿಂದಲೇ ಬೆಳಕು ಹುಟ್ಟುತ್ತಿದೆ ಎಂಬ ಅರಿವು ಆ ವಯಸ್ಸಿನಲ್ಲಿ ಕೊಟ್ಟ ಹೆಮ್ಮೆಯನ್ನು ಯಾವ ಬ್ಯಾಟರಿಯೂ ಕೊಟ್ಟಿಲ್ಲ.

ಕಡ್ಡಿ ಬಿಗಿತ:

ತುಳಿದ ನೆನಪುಗಳ ಜೊತೆಗೆ ಬಿಚ್ಚಿದ ನೆನಪುಗಳೂ ಬರಲಿ. ನಾನು ಬೆಳೆದ ಮೇಲೆ ಸೈಕಲ್ ರಿಪೇರಿಯನ್ನೇ ಕಸುಬು ಮಾಡಿಕೊಂಡವನು, ಆದ್ದರಿಂದ ನನ್ನ ಮಾತು ಆ ಕಡೆಗೇ ವಾಲಿದರೆ ದಯವಿಟ್ಟು ಸಹಿಸಿಕೊಳ್ಳಿ.

ಮಗುವೊಂದು ತನ್ನ ಕೈಯಾರೆ ಪೂರ್ತಿಯಾಗಿ ಮಾಡಿ ಮುಗಿಸಬಹುದಾದ ಮೊದಲ ಯಂತ್ರದ ಕೆಲಸ ಪಂಕ್ಚರ್ ಹಾಕುವುದೇ ಇರಬೇಕು. ಟಯರಿನ ಅಂಚನ್ನು ರಿಮ್ಮಿನಿಂದ ಎಬ್ಬಿಸಿ, ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ನೀರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಅದ್ದುತ್ತ ಹೋದರೆ ಗುಳ್ಳೆಗಳ ಎಳೆಯೊಂದು ತೂತಿನ ಜಾಗವನ್ನು ತೋರಿಸಿಕೊಡುತ್ತದೆ. ಒರೆಸಿ, ಮರಳುಕಾಗದದಿಂದ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಿ, ಅದು ಒಣಗುವವರೆಗೆ ಕಾಯಬೇಕು. ಹೆಚ್ಚಿನ ಮಕ್ಕಳು ಸೋಲುವುದು ಈ ಕಾಯುವಿಕೆಯಲ್ಲಿ. ಹಸಿಯಿರುವಾಗಲೇ ಪ್ಯಾಚ್ ಒತ್ತಿದರೆ ದ್ರಾವಕ ಒಳಗೇ ಸಿಕ್ಕಿಕೊಂಡು ಹಿಡಿತ ಬರುವುದಿಲ್ಲ. ಮೇಲ್ಮೈ ಮಂಕಾಗಿ, ಬೆರಳು ತಾಗಿಸಿದರೆ ಒದ್ದೆ ಹತ್ತದಂತಾದ ಮೇಲೆ ಒತ್ತಿದರೆ ಅದು ಟ್ಯೂಬಿನ ಚರ್ಮವೇ ಆಗಿಬಿಡುತ್ತದೆ. ಪ್ಯಾಚ್ ಹಾಕಿದ ಮೇಲೆ ಟಯರಿನ ಒಳಗೆ ಬೆರಳಾಡಿಸಿ ಮುಳ್ಳೋ ಗಾಜಿನ ಚೂರೋ ಇನ್ನೂ ಅಲ್ಲಿಯೇ ಇದೆಯೇ ಎಂದು ನೋಡುವುದು ಅಷ್ಟೇ ಮುಖ್ಯ.

ಗಾಳಿ ತುಂಬಿದ ಟಯರಿಗೂ ಮಕ್ಕಳಿಗೂ ಇರುವ ಸಂಬಂಧ ಆರಂಭದಿಂದಲೇ ಬಂದದ್ದು. ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್ಲಪ್ ತಮ್ಮ ಮಗನ ಮೂರು ಚಕ್ರದ ಸೈಕಲ್ ಉಬ್ಬುತಗ್ಗುಗಳಲ್ಲಿ ಕಡಿಮೆ ಕುಲುಕಲೆಂದು ಯೋಚಿಸಿದ್ದರಿಂದ ಅವರ ಗಾಳಿಯ ಟಯರು ಬಂದಿತು. 1888ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಅದಕ್ಕೆ ಮೂರು ವರ್ಷ ಮೊದಲು, 1885ರಲ್ಲಿ, ಜಾನ್ ಕೆಂಪ್ ಸ್ಟಾರ್ಲಿ ಕೊವೆಂಟ್ರಿಯಲ್ಲಿ ರೋವರ್ ಸೈಕಲ್ ತಂದಿದ್ದರು. ಹೆಚ್ಚುಕಡಿಮೆ ಸಮ ಗಾತ್ರದ ಎರಡು ಚಕ್ರ, ಹಿಂಚಕ್ರಕ್ಕೆ ಚೈನಿನ ಬಲ ಎಂಬ ಆ ಮೂಲ ರಚನೆಯನ್ನೇ ಇಲ್ಲಿ ಬರೆದವರೆಲ್ಲರೂ ತುಳಿದಿದ್ದಾರೆ.

ಇನ್ನು ಸರಳು ಬ್ರೇಕ್. ಒಳಪೆಡಲು ಅವರ ಅಪ್ಪನ ಸೈಕಲ್ಲಿನಲ್ಲಿ ಇದೇ ಇದ್ದಿರಬೇಕು. ಹ್ಯಾಂಡಲ್ಲಿನ ಕೆಳಗಿನ ಸನ್ನೆಯನ್ನು ಎಳೆದರೆ ಉಕ್ಕಿನ ಸರಳುಗಳು ಬ್ರೇಕಿನ ರಬ್ಬರುಗಳನ್ನು ಮೇಲಕ್ಕೆತ್ತಿ ರಿಮ್ಮಿನ ಒಳಮೈಗೆ ಒತ್ತುತ್ತವೆ. ಒಣಗಿದ್ದಾಗ ಚೆನ್ನಾಗಿ ಹಿಡಿಯುತ್ತದೆ. ಮಳೆಯಲ್ಲಿ ಕ್ರೋಮ್ ಲೇಪಿಸಿದ ಉಕ್ಕಿನ ರಿಮ್ ಒದ್ದೆಯಾದಾಗ ಹಿಡಿತ ಬಹಳ ಇಳಿದುಹೋಗುತ್ತದೆ, ಅಲ್ಯೂಮಿನಿಯಂ ರಿಮ್ಮಿನಲ್ಲಿ ಅಷ್ಟು ಇಳಿಯುವುದಿಲ್ಲ. ಮಳೆಯಲ್ಲಿ ಚಪ್ಪಲಿಯನ್ನು ನೆಲಕ್ಕೆ ಉಜ್ಜುತ್ತ ನಿಲ್ಲಿಸುತ್ತಿದ್ದ ನೆನಪು ಅನೇಕರಿಗೆ ಇರುವುದಕ್ಕೆ ಇದೇ ಕಾರಣ.

ಕಡ್ಡಿಗಳ ಬಗ್ಗೆ ಒಂದು ಮಾತು ಹೇಳದೆ ಬಿಡಲಾರೆ. ಹಳೆಯ ಬ್ರಿಟಿಷ್ ಮಾದರಿಯ ದೊಡ್ಡ ಸೈಕಲ್ಲಿನಲ್ಲಿ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿಗಳಿರುತ್ತಿದ್ದವು, ಏಕೆಂದರೆ ಸವಾರನ ಹಾಗೂ ಕ್ಯಾರಿಯರ್‌ನ ಭಾರ ಬೀಳುವುದು ಹೆಚ್ಚಾಗಿ ಹಿಂದೆ. ಬೆಂಡಾದ ಚಕ್ರವನ್ನು ಸುತ್ತಿಗೆಯಿಂದ ಹೊಡೆದು ನೆಟ್ಟಗೆ ಮಾಡುವುದಿಲ್ಲ. ಒಂದು ಬದಿಯ ಕಡ್ಡಿಯನ್ನು ಕಾಲು ಸುತ್ತು ಬಿಗಿದು, ಎದುರು ಬದಿಯದನ್ನು ಅಷ್ಟೇ ಸಡಿಲಿಸಿ, ತಿರುಗಿಸಿ ನೋಡಿ, ಮತ್ತೆ ಬಿಗಿಯಬೇಕು. ಹುಡುಗನಾಗಿದ್ದಾಗ ನಾನು ಕಡ್ಡಿಗಳನ್ನು ಬೆರಳಿನಿಂದ ಮೀಟಿ ಸದ್ದು ಕೇಳುತ್ತಿದ್ದೆ. ಸಡಿಲವಾದದ್ದು ಮಂದ್ರದಲ್ಲಿ ನುಡಿಯುತ್ತದೆ, ಬಿಗಿಯಾದದ್ದು ತಾರದಲ್ಲಿ. ಈಗಲೂ ನನ್ನ ಮೊದಲ ಪರೀಕ್ಷೆ ಕಿವಿಯದೇ.

ಇಪ್ಪತ್ತಿಂಚು:

ಆ ಕಡ್ಡಿಗಳ ನಡುವೆ ರಟ್ಟಿನ ತುಂಡು ಸಿಕ್ಕಿಸಿ ಮೋಟಾರ್ ಸದ್ದು ಮಾಡಿಸುತ್ತಿದ್ದೆವು ಎಂಬುದನ್ನೂ ಇಲ್ಲಿ ಸೇರಿಸಬೇಕು. ವೇಗ ಹೆಚ್ಚಿದಂತೆ ಸದ್ದು ಏರುತ್ತಿದ್ದುದರಿಂದ ನಮಗೆ ಅದೇ ವೇಗಮಾಪಕವೂ ಆಗಿತ್ತು.

ಒಳಪೆಡಲು:

ಎಲ್ಲರಿಗೂ ವಂದನೆಗಳು. ಇಪ್ಪತ್ತಿಂಚು ಅವರ ತಕರಾರನ್ನು ಒಪ್ಪುತ್ತೇನೆ. ಅಳತೆಗೆ ಸರಿಯಾದ ಸೈಕಲ್ಲಿನಿಂದ ದೂರವಾಗುವ ಅನುಭವವನ್ನು ನಾನು ಯೋಚಿಸಿರಲಿಲ್ಲ. ಇನ್ನೊಂದು ಪ್ರಶ್ನೆಯನ್ನು ಚರ್ಚೆಗೆ ತರಲು ಬಯಸುತ್ತೇನೆ: ನಾವು ನಿಜವಾಗಿ ಕಲಿತದ್ದೇನು?

ಸೈಕಲ್ ಬೀಳದಿರುವುದಕ್ಕೆ ತಿರುಗುವ ಚಕ್ರಗಳ ಬುಗುರಿಯಂಥ ಗುಣವೇ ಕಾರಣ ಎಂದು ಶಾಲೆಯಲ್ಲಿ ಕೇಳಿದವರು ಹಲವರಿದ್ದೀರಿ. ಅದು ಪೂರ್ಣ ಉತ್ತರವಲ್ಲ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರಿದ್ದ ತಂಡವೊಂದು ಆ ಗುಣವನ್ನು ರದ್ದುಮಾಡುವಂತೆ ವಿರುದ್ಧ ದಿಕ್ಕಿಗೆ ತಿರುಗುವ ಚಕ್ರಗಳನ್ನೂ ಜೋಡಿಸಿ ವಿಶೇಷ ಸೈಕಲ್ಲೊಂದನ್ನು ಮಾಡಿ, ಸವಾರನಿಲ್ಲದೆಯೂ ಅದು ತಾನಾಗಿ ಸಮತೋಲ ಕಾಯ್ದುಕೊಳ್ಳಬಲ್ಲದು ಎಂದು 2011ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ತೋರಿಸಿತು. ಸೈಕಲ್ ವಾಲಿದಾಗ ಹ್ಯಾಂಡಲ್ ವಾಲಿದ ಕಡೆಗೇ ತಿರುಗಿ ಚಕ್ರಗಳನ್ನು ಮತ್ತೆ ಭಾರದ ಕೆಳಗೆ ತರಬೇಕು ಎಂಬುದು ಮುಖ್ಯ ಸಂಗತಿ, ಮತ್ತು ಹಾಗೆ ತಿರುಗಿಸುವ ಕಾರಣಗಳು ಒಂದಕ್ಕಿಂತ ಹೆಚ್ಚು.

ಬೀಳುತ್ತಿರುವ ಕಡೆಗೇ ಹ್ಯಾಂಡಲ್ ತಿರುಗಿಸುವುದು ಮಗುವಿನ ಮನಸ್ಸಿಗೆ ಸಹಜವಲ್ಲ, ಹೆದರಿದ ಕೈ ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ಇನ್ನೂ ವಿಚಿತ್ರವೆಂದರೆ, ವೇಗದಲ್ಲಿರುವಾಗ ಎಡಕ್ಕೆ ತಿರುಗಬೇಕಿದ್ದರೆ ಮೊದಲು ಹ್ಯಾಂಡಲ್ಲನ್ನು ತುಸು ಬಲಕ್ಕೆ ಒತ್ತಿ ಸೈಕಲ್ಲನ್ನು ಎಡಕ್ಕೆ ವಾಲಿಸಬೇಕು. ನಾವೆಲ್ಲರೂ ಇದನ್ನು ಮಾಡುತ್ತೇವೆ. ಕೇಳಿದರೆ ಬಹುತೇಕರು ಮಾಡುವುದಿಲ್ಲ ಎನ್ನುತ್ತೇವೆ. ಹಿಂಚಕ್ರದ ಎರಡೂ ಬದಿಗೆ ಹಾಕುವ ಸಣ್ಣ ಪುಟ್ಟ ಚಕ್ರಗಳ ಬಗ್ಗೆ ನನ್ನ ಆಕ್ಷೇಪ ಇರುವುದು ಇದಕ್ಕೇ. ಅವು ಸೈಕಲ್ ವಾಲುವುದನ್ನೇ ತಡೆಯುತ್ತವೆ, ಆದ್ದರಿಂದ ಕಲಿಯಬೇಕಾದದ್ದನ್ನು ಕಲಿಯಲು ಬಿಡುವುದಿಲ್ಲ; ಪೆಡಲು ತುಳಿಯುವುದನ್ನಷ್ಟೇ ಕಲಿಸುತ್ತವೆ, ಅದು ಹೇಗೂ ಸುಲಭದ ಭಾಗ. 1817ರಲ್ಲಿ ಮಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಓಡಿಸಿ ತೋರಿಸಿದ ಯಂತ್ರಕ್ಕೆ ಪೆಡಲೇ ಇರಲಿಲ್ಲ, ಸವಾರ ನೆಲವನ್ನು ಕಾಲಿನಿಂದ ಒದೆಯುತ್ತ ಸಾಗುತ್ತಿದ್ದ. ಇಂದು ಪುಟ್ಟ ಮಕ್ಕಳಿಗೆ ಕೊಡುವ ಪೆಡಲಿಲ್ಲದ ಸೈಕಲ್ ಅದರ ನೇರ ವಂಶಸ್ಥ. ಸಮತೋಲ ಮೊದಲು, ಪೆಡಲು ಆಮೇಲೆ ಎಂಬ ಕ್ರಮ ಇತಿಹಾಸದಲ್ಲಿ ಬಂದಂತೆಯೇ ಮಗುವಿನ ಕಲಿಕೆಯಲ್ಲೂ ಬರುವುದು ಸರಿ.

ಮಗಳ ಸೈಕಲ್:

ನಾನು ಬಾಲ್ಯದಲ್ಲಿ ತುಳಿದ 20 ಇಂಚಿನ ಸೈಕಲ್ ಇನ್ನೂ ನಮ್ಮಲ್ಲಿದೆ. ವರ್ಷಗಟ್ಟಲೆ ನಿಂತಲ್ಲೇ ನಿಂತಿದ್ದರೂ ಚೌಕಟ್ಟು ಗಟ್ಟಿಯಾಗಿದೆ. ಮಗಳಿಗೆ ಅದರಲ್ಲಿಯೇ ಕಲಿಸಬೇಕೆಂಬ ಆಸೆಯಿದೆ. ಸೀಟನ್ನು ಪೂರ್ತಿ ಇಳಿಸಿದರೆ ಅವಳ ಕಾಲು ನೆಲಕ್ಕೆ ಎಟುಕುತ್ತದೆ. ಪೆಡಲು ಬಿಚ್ಚಿ ಒಳಪೆಡಲು ಅವರು ಹೇಳಿದ ಕ್ರಮದಲ್ಲಿ ಕಲಿಸಬಹುದೇ? ಬಲಗಡೆಯ ಪೆಡಲು ಬಿಚ್ಚಿಕೊಂಡಿತು, ಎಡಗಡೆಯದು ಎಷ್ಟು ಬಲ ಹಾಕಿದರೂ ಅಲುಗುತ್ತಿಲ್ಲ.

ಕಡ್ಡಿ ಬಿಗಿತ:

ಖಂಡಿತ ಕಲಿಸಬಹುದು. ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ. ಎಡಗಡೆ ನಿಂತು ನೋಡುವಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ತುಳಿಯುವಾಗ ಪೆಡಲು ತಾನಾಗಿ ಬಿಚ್ಚಿಕೊಳ್ಳಬಾರದೆಂದು ಹಾಗೆ ಮಾಡಿದ್ದಾರೆ. ಈಗಾಗಲೇ ವಿರುದ್ಧ ದಿಕ್ಕಿಗೆ ಬಲ ಹಾಕಿರುವುದರಿಂದ ಇನ್ನಷ್ಟು ಬಿಗಿದಿರುತ್ತದೆ, ಆದ್ದರಿಂದ ತುಕ್ಕು ಬಿಡಿಸುವ ಎಣ್ಣೆಯನ್ನು ತಿರುಪಿನ ಬುಡಕ್ಕೆ ಬಿಟ್ಟು ಒಂದು ರಾತ್ರಿ ಕಾಯಿರಿ, ಆಮೇಲೆ ಉದ್ದ ಹಿಡಿಯ 15 ಮಿ.ಮೀ. ಸ್ಪ್ಯಾನರ್ ಬಳಸಿರಿ.

ರಸ್ತೆಗಿಳಿಸುವ ಮೊದಲು ಟಯರಿನ ಬದಿಗಳನ್ನು ಬೆರಳಿನಿಂದ ಬಗ್ಗಿಸಿ ನೋಡಿರಿ. ಸೀಳು ಬಿಟ್ಟಿದ್ದರೆ ಟಯರು, ಟ್ಯೂಬು ಎರಡನ್ನೂ ಬದಲಿಸಬೇಕು. ಬ್ರೇಕಿನ ರಬ್ಬರು ಇಷ್ಟು ವರ್ಷಗಳಲ್ಲಿ ಗಾಜಿನಂತೆ ಗಟ್ಟಿಯಾಗಿರುತ್ತದೆ, ಅದನ್ನು ನೋಡದೆಯೇ ಬದಲಿಸಿರಿ. ಕೇಬಲ್ ಹೊಸದು ಹಾಕಿರಿ. ಹಬ್ಬು, ಹ್ಯಾಂಡಲ್ಲುಗಳ ಬೇರಿಂಗ್‌ಗಳಲ್ಲಿ ಗ್ರೀಸ್ ಒಣಗಿರುತ್ತದೆ; ಬಿಚ್ಚಿ, ಒರೆಸಿ, ಹೊಸ ಗ್ರೀಸ್ ತುಂಬಿದರೆ ಸಾಕು, ಗುಂಡುಗಳ ಮೈಯಲ್ಲಿ ಗುಳಿ ಬಿದ್ದಿದ್ದರೆ ಮಾತ್ರ ಹೊಸವು ಬೇಕು. ಪೆಡಲುಗಳನ್ನು ಮರಳಿ ಜೋಡಿಸುವಾಗ ತಿರುಪಿಗೆ ಸ್ವಲ್ಪ ಗ್ರೀಸ್ ಸವರಿರಿ, ಮತ್ತು ಎಡದ್ದನ್ನು ಬಲಕ್ಕೆ ತುರುಕದಂತೆ ಎಚ್ಚರವಹಿಸಿರಿ.

ಹಿಂಬ್ರೇಕ್:

ಒಂದು ಸೇರ್ಪಡೆ. ಆ ಸೈಕಲ್ಲಿಗೆ ಇರುವುದು ನನ್ನದರಂತೆ ಹಿಂದಕ್ಕೆ ತುಳಿಯುವ ಬ್ರೇಕ್ ಮಾತ್ರವಾಗಿದ್ದರೆ, ಪೆಡಲು ಬಿಚ್ಚಿದೊಡನೆ ಬ್ರೇಕೂ ಹೋದಂತೆಯೇ. ಹಾಗಿದ್ದಲ್ಲಿ ಪೆಡಲು ಮರಳಿ ಜೋಡಿಸುವವರೆಗೆ ಮಗಳನ್ನು ಇಳಿಜಾರಿಗೆ ಬಿಡಬೇಡಿ. ಸಮತಟ್ಟಾದ, ವಾಹನ ಬಾರದ ಜಾಗದಲ್ಲಿಯೇ ಕಲಿಸಿರಿ. ಅವಳ ಕಾಲಿಗೆ ಹಿಮ್ಮಡಿ ಮುಚ್ಚುವ ಶೂ ಇರಲಿ, ಏಕೆಂದರೆ ಆ ದಿನಗಳಲ್ಲಿ ಅವಳಿಗೆ ಬ್ರೇಕ್ ಎಂದರೆ ಅವೇ.